‘ಓಲೆ ಬಾಕ್ಕೆನ್’ ನಾರ್ವೆಯ ದಾಖಲೆಗಳಲ್ಲಿ ಏಕೆ ಸಿಗುತ್ತಿಲ್ಲ?

1880ರ ಸುಮಾರಿಗೆ ನಾರ್ವೆಯಿಂದ ಅಮೆರಿಕದ ಮಿನ್ನೆಸೋಟಾಕ್ಕೆ ಬಂದ ನಿಮ್ಮ ಪತಿಯ ಮುತ್ತಜ್ಜ ಓಲೆ ಬಾಕ್ಕೆನ್ ನಾರ್ವೆಯಲ್ಲಿ ಸಿಗದಿರುವುದಕ್ಕೆ ಬಹುಶಃ ಆ ಉಪನಾಮವೇ ಕಾರಣ. ಬಾಕ್ಕೆನ್ ಅವರಿದ್ದ ಹೊಲಮನೆಯ ಹೆಸರಾಗಿರಬೇಕು. ಆಗ ಹಳ್ಳಿಗಳಲ್ಲಿ ತಂದೆಯ ಹೆಸರೇ ಗುರುತು: ಹಾನ್ಸ್‌ನ ಮಗ ಹಾನ್ಸೆನ್, ಮಗಳು ಹಾನ್ಸ್‌ದಾತ್ತೆರ್. ಸ್ಥಿರ ಉಪನಾಮ ಕಡ್ಡಾಯವಾದದ್ದು 1923ರ ಕಾನೂನಿನಿಂದ.

ನಾರ್ವೆಯ ಹುಡುಕಾಟವನ್ನು ಸದ್ಯ ನಿಲ್ಲಿಸಿ. ಮೊದಲು ಅವರು ಸೇರಿದ್ದ ಅಮೆರಿಕದ ಲೂಥರನ್ ಚರ್ಚಿನ ಸದಸ್ಯತ್ವ, ಮದುವೆ, ಸಮಾಧಿ ಪುಸ್ತಕಗಳನ್ನು ನೋಡಿ. ಜನ್ಮಸ್ಥಳದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರುಗಳು) ಸಿಗುವ ಸಾಧ್ಯತೆ ಅಲ್ಲೇ ಹೆಚ್ಚು; ಮರಣ ಪತ್ರದಲ್ಲಿ ಸಾಮಾನ್ಯವಾಗಿ ‘ನಾರ್ವೆ’ ಎಂದಷ್ಟೇ ಇರುತ್ತದೆ. ತಂದೆಯ ಹೆಸರು, ಪೂರ್ಣ ಜನ್ಮದಿನಾಂಕ ಕಂಡರೆ ತಪ್ಪದೆ ಬರೆದುಕೊಳ್ಳಿ.

ನಂತರ ನಾರ್ವೆ ರಾಷ್ಟ್ರೀಯ ದಾಖಲಾಗಾರದ ‘ಡಿಜಿಟಾಲ್‌ಆರ್ಕಿವೆ’ ತಾಣಕ್ಕೆ ಹೋಗಿ, ಅದು ಉಚಿತ. 1865 ಮತ್ತು 1875ರ ಜನಗಣತಿಗಳಲ್ಲಿ ಉಪನಾಮ ಬಿಟ್ಟು ‘ಓಲೆ’, ಪ್ಯಾರಿಷ್, ಜನನ ವರ್ಷ ಹಾಕಿ. ಓಲೆಯನ್ನು ಓಲಾ ಎಂದೂ ಬರೆಯುತ್ತಿದ್ದರು, ಹಾಗಾಗಿ ‘ಓಲ್’ ಬಳಿಕ ನಕ್ಷತ್ರ ಚಿಹ್ನೆ (Ol*) ಹಾಕುವುದು ಒಳ್ಳೆಯದು, ಎರಡು ರೂಪಗಳೂ ಸಿಗುತ್ತವೆ. ವರ್ಷದಲ್ಲಿ ಒಂದೆರಡು ಹಿಂದೆಮುಂದೆ ಇದ್ದರೂ ಬಿಡಬೇಡಿ.

ಒಂದೇ ಪ್ಯಾರಿಷ್‌ನಲ್ಲಿ ತಂದೆಯ ಹೆಸರು ಹಾನ್ಸ್ ಎಂದಿದ್ದರೆ ಇಬ್ಬರು ಮೂವರು ಓಲೆ ಹಾನ್ಸೆನ್ ಸಿಕ್ಕಾರು. ದಯವಿಟ್ಟು ಆತುರದಲ್ಲಿ ಒಬ್ಬರನ್ನು ವಂಶವೃಕ್ಷಕ್ಕೆ ಸೇರಿಸಬೇಡಿ. ಹಾಗೆ ಸೇರಿದ ತಪ್ಪು ಮುಂದಿನವರಿಗೂ ಹರಡುತ್ತದೆ. ನಾರ್ವೆಯ ಚರ್ಚಿನ ಬ್ಯಾಪ್ಟಿಸಮ್ (ದೀಕ್ಷಾಸ್ನಾನ) ದಾಖಲೆಯಲ್ಲಿರುವ ಜನ್ಮದಿನಾಂಕ ಅಮೆರಿಕದ ದಾಖಲೆಯ ಜನ್ಮದಿನಾಂಕಕ್ಕೆ ಹೊಂದಬೇಕು, ತಂದೆತಾಯಿಯ ವಾಸಸ್ಥಳದಲ್ಲಿ ಬಾಕ್ಕೆನ್ ಕಾಣಿಸಿದರೆ ಇನ್ನೂ ಗಟ್ಟಿ. ಆಮೇಲೂ ಸಂಶಯ ಉಳಿದರೆ ಅದೇ ತಾಣದಲ್ಲಿರುವ ವಲಸಿಗರ ಪಟ್ಟಿಗಳಲ್ಲಿ ಪ್ರಯಾಣದ ವರ್ಷವನ್ನು ತಾಳೆ ನೋಡಿ. ಕ್ರಿಸ್ತಿಯಾನಿಯಾ, ಅಂದರೆ ಇಂದಿನ ಓಸ್ಲೊ ಬಂದರಿನ ಪಟ್ಟಿ 1867ರಿಂದ ಇದೆ.