ಆಟಗಾರರು ಮಲಗಿದ ಮೇಲೂ ಎಚ್ಚರ ಇರುವವರ ಪ್ರಶ್ನೆಗಳು

ಫುಟ್‌ಬಾಲ್ ಆಟಗಾರರು ಮ್ಯಾಚ್ ದಿನ ಏನು ತಿನ್ನುತ್ತಾರೆ, ಎಷ್ಟು ಮಲಗುತ್ತಾರೆ ಅಂತ ಹೋದ ತಿಂಗಳು ಇಲ್ಲಿ ಬರೆದಿದ್ದೆ. ಅದಕ್ಕೆ ಆಟಗಾರರಿಂದ ಒಂದು ಪತ್ರವೂ ಬರಲಿಲ್ಲ. ಬಂದಿದ್ದೆಲ್ಲ ಅವರ ಹಿಂದೆ ದುಡಿಯುವವರಿಂದ. ವಿಡಿಯೊ ಅನಲಿಸ್ಟ್, ಕಿಟ್ ನೋಡಿಕೊಳ್ಳುವವರು, ಫಿಸಿಯೊ, ಕೋಚ್ ಒಬ್ಬರ ಮನೆಯವರು. ಆಟಗಾರ ಎಷ್ಟು ಗಂಟೆ ಮಲಗಿದ, ಎಷ್ಟು ಪ್ರೋಟೀನ್ ತಿಂದ, ಎಷ್ಟು ಮೀಟರ್ ಓಡಿದ ಅಂತ ದಿನಾ ಬರೆದಿಡುವ ಈ ಜನಕ್ಕೆ ತಾವು ಮಧ್ಯಾಹ್ನ ಊಟ ಮಾಡಿದ್ದೇವಾ ಇಲ್ಲವಾ ಅನ್ನೋದೇ ನೆನಪಿರುವುದಿಲ್ಲ. ಕೆಲವು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಕ್ಲಬ್‌ಗಳ ಹೆಸರು ತೆಗೆದಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಒಂದು ತಂಡದಲ್ಲಿ ವಿಡಿಯೊ ಅನಲಿಸ್ಟ್ ಆಗಿದ್ದೇನೆ, ವಯಸ್ಸು 31. ಮ್ಯಾಚ್ ರಾತ್ರಿ ಏಳೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುತ್ತದೆ. ಆಮೇಲೆ ಕೂತು ಕ್ಲಿಪ್ ಕತ್ತರಿಸಿ ಬೆಳಿಗ್ಗೆ ಮೀಟಿಂಗ್‌ಗೆ ಕೊಡಬೇಕು. ಹಾಸಿಗೆಗೆ ಹೋಗುವಾಗ ಮೂರು ಗಂಟೆ. ಹೋದರೂ ತಲೆಯಲ್ಲಿ ಮ್ಯಾಚ್ ಓಡುತ್ತಲೇ ಇರುತ್ತದೆ. ರಜೆ ದಿನ ಮಧ್ಯಾಹ್ನದ ತನಕ ಮಲಗಿ ಸರಿ ಮಾಡಿಕೊಳ್ಳುತ್ತೇನೆ. ಅಷ್ಟು ಸಾಕಲ್ವಾ ಸರ್?

ಉತ್ತರ: ಸಾಕಾಗಲ್ಲ. ಮಧ್ಯಾಹ್ನದ ತನಕ ಮಲಗಿದ ದಿನ ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ನಿದ್ದೆ ಬರುತ್ತಾ ನಿಮಗೆ? ಬರಲ್ಲ ಅಲ್ವಾ. ದೇಹದ ಗಡಿಯಾರ ಆ ಒಂದು ದಿನದಲ್ಲೇ ಹಿಂದಕ್ಕೆ ಜರುಗಿರುತ್ತದೆ, ಮತ್ತೆ ಅದು ಸರಿ ಹೋಗುವಷ್ಟರಲ್ಲಿ ಮುಂದಿನ ಮ್ಯಾಚ್ ಬಂದಿರುತ್ತದೆ. ರಜೆ ದಿನ ಮಾಮೂಲಿಗಿಂತ ಒಂದು ಗಂಟೆ, ಅಬ್ಬಬ್ಬಾ ಅಂದರೆ ಒಂದೂವರೆ ಗಂಟೆ ಜಾಸ್ತಿ ಮಲಗಿ. ಉಳಿದದ್ದನ್ನು ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ಮೂವತ್ತು ನಿಮಿಷದ ಸಣ್ಣ ನಿದ್ದೆಯಲ್ಲಿ ತೀರಿಸಿಕೊಳ್ಳಿ. ದೊಡ್ಡವರಿಗೆ ರಾತ್ರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಸೀಸನ್ ಪೂರ್ತಿ ಐದು ಗಂಟೆಯಲ್ಲಿ ಓಡಿಸಿದರೆ ರಕ್ತದ ಒತ್ತಡ, ಸಕ್ಕರೆ, ಸಿಟ್ಟು ಮೂರೂ ಏರುತ್ತವೆ.

ಈಗ ಮ್ಯಾಚ್ ರಾತ್ರಿಗೆ ಬರೋಣ. ಹಾಫ್‌ಟೈಮ್‌ನಲ್ಲಿ ಕಾಫಿ ಕುಡೀತೀರಾ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ಆದರೆ ಕುಡಿಯದ ಅನಲಿಸ್ಟ್‌ನನ್ನು ನಾನಿನ್ನೂ ನೋಡಿಲ್ಲ. ಕೆಫೀನ್ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಎಂಟೂ ಇಪ್ಪತ್ತಕ್ಕೆ ಕುಡಿದ ಕಾಫಿಯ ಅರ್ಧ ರಾತ್ರಿ ಒಂದೂ ಇಪ್ಪತ್ತಕ್ಕೂ ನಿಮ್ಮ ರಕ್ತದಲ್ಲೇ ಓಡಾಡುತ್ತಿರುತ್ತದೆ. ಅದರ ಮೇಲೆ ಫ್ಲಡ್‌ಲೈಟ್, ಅದು ಸಾಲದು ಅಂತ ಮೂಗಿನ ಹತ್ತಿರ ಲ್ಯಾಪ್‌ಟಾಪ್. ಕೊನೆ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಿದ್ದರಂತೂ ಎದೆ ಬಡಿತ ಇಳಿಯಲು ಎಷ್ಟೋ ಹೊತ್ತು ಬೇಕು. ಆದ್ದರಿಂದ ಕಾಫಿ ಸಂಜೆ ನಾಲ್ಕಕ್ಕೆ ಮುಗಿಸಿ. ಆಟಗಾರರಿಗೆ ಕೊಡುವ ಕೆಫೀನ್ ಜೆಲ್ಲು, ಕೆಫೀನ್ ಗಮ್ಮು ಕಡೆಗೆ ಕೈ ಹಾಕಲೇಬೇಡಿ. ಅವರು ಅದನ್ನು ಓಡಿ ಸುಡುತ್ತಾರೆ ಅಂತ ಅಲ್ಲ, ಅವರಿಗೂ ರಾತ್ರಿ ನಿದ್ದೆ ಬರಲ್ಲ, ಆದರೆ ಅವರಿಗೆ ಮರುದಿನ ಅರ್ಧ ದಿನ ಬಿಡುವಿರುತ್ತದೆ.

ನಿದ್ದೆಗೆ ಅಂತ ಒಂದು ಪೆಗ್ ಹಾಕುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಬೇಗ ನಿದ್ದೆ ಬಂದ ಹಾಗೆ ಅನ್ನಿಸುತ್ತೆ, ಆದರೆ ಬೆಳಗಿನ ಜಾವದ ನಿದ್ದೆಯನ್ನು ಅದು ಚೂರುಚೂರು ಮಾಡುತ್ತದೆ.

ಇಷ್ಟೆಲ್ಲ ನೀವು ಮಾಡಬಹುದು. ಆದರೆ ಕ್ಲಿಪ್ ವಿಷಯ ನಿಮ್ಮ ಕೈಯಲ್ಲಿಲ್ಲ, ಅದನ್ನು ಕೋಚ್ ಹತ್ತಿರ ಮಾತಾಡಲೇಬೇಕು. ಇಡೀ ಮ್ಯಾಚಿನ ಕ್ಲಿಪ್ಪನ್ನು ಬೆಳಿಗ್ಗೆ ಹತ್ತರೊಳಗೆ ಅವರು ನಿಜವಾಗಿ ನೋಡುತ್ತಾರಾ? ಬಹಳ ಕಡೆ ನೋಡುವುದಿಲ್ಲ. ಗೋಲು, ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್ ಥರದವು) ಮಾತ್ರ ರಾತ್ರಿ ಹನ್ನೊಂದೂವರೆಯೊಳಗೆ, ಮಿಕ್ಕಿದ್ದು ಮಧ್ಯಾಹ್ನಕ್ಕೆ ಅಂತ ಒಪ್ಪಿಸಿ. ಇಂಗ್ಲೆಂಡಿನಲ್ಲಿ ನಿಕ್ ಲಿಟಲ್‌ಹೇಲ್ಸ್ ಅಂತ ಒಬ್ಬರು, ಹಾಸಿಗೆ ಕಂಪನಿಯಲ್ಲಿ ಇದ್ದವರು, 1990ರ ದಶಕದ ಕೊನೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರಿಗೆ ನಿದ್ದೆ ಹೇಳಿಕೊಡಲು ಹೋದರು. ಆಮೇಲೆ ದೊಡ್ಡ ಕ್ಲಬ್‌ಗಳಲ್ಲಿ ನಿದ್ದೆಗೂ ಒಬ್ಬ ಕೋಚ್ ಬರತೊಡಗಿದರು. ಎಲ್ಲ ಆಟಗಾರರಿಗೆ. ನಿಮ್ಮಂಥವರ ಹಾಸಿಗೆ ಬಗ್ಗೆ ಕೇಳಿದವರು ಕಡಿಮೆ.

ಇನ್ನೊಂದು ಮಾತು. ಬೆಳಿಗ್ಗೆ ಏಳಕ್ಕೆ ಎದ್ದವರು ರಾತ್ರಿ ಹನ್ನೆರಡಕ್ಕೆ ಗಾಡಿ ಹತ್ತಿದರೆ ಆಗಲೇ 17 ಗಂಟೆ ಎಚ್ಚರ ಇದ್ದಂತಾಯಿತು. ಆ ಹೊತ್ತಿಗೆ ತಲೆ, ಕೈ ಓಡುವ ವೇಗ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪರೀಕ್ಷೆಗಳು ತೋರಿಸಿವೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನಿನ ಮಿತಿ 0.03%. ಮೂರು ಗಂಟೆಯ ಕಥೆ ನೀವೇ ಲೆಕ್ಕ ಹಾಕಿ. ಮ್ಯಾಚ್ ರಾತ್ರಿ ಬೈಕ್ ಬೇಡ, ಕ್ಯಾಬ್ ಕೇಳಿ.

ಪ್ರಶ್ನೆ: ಕಿಟ್ ಮ್ಯಾನೇಜರ್ ನಾನು, 44 ವರ್ಷ. ದಿನಕ್ಕೆ ಹದಿನೈದು ಸಾವಿರ ಹೆಜ್ಜೆ ಅಂತ ಫೋನ್ ತೋರಿಸುತ್ತೆ. ಟ್ರಂಕ್ ಎತ್ತೋದು, ಬಾಲ್ ಚೀಲ ಹೊರೋದು ಬೇರೆ. ಆದರೂ ಫಿಸಿಯೊ ಹುಡುಗ ನನಗೆ ‘ಅಣ್ಣ, ನೀವು ಎಕ್ಸರ್‌ಸೈಜ್ ಮಾಡ್ಬೇಕು’ ಅಂತಾನೆ. ಇನ್ನೂ ಎಷ್ಟು ಮಾಡ್ಲಿ? ಸೊಂಟ ನೋವು ಬೇರೆ ಇದೆ.

ಉತ್ತರ: ನಿಮ್ಮ ಸಿಟ್ಟು ಅರ್ಥ ಆಯ್ತು. ನಿಮ್ಮ ಓಡಾಟ ಖಂಡಿತ ಲೆಕ್ಕಕ್ಕೆ ಬರುತ್ತದೆ, ಇಡೀ ದಿನ ಕುರ್ಚಿಯಲ್ಲಿ ಕೂರುವ ಅನಲಿಸ್ಟ್‌ಗಿಂತ ನೀವು ಎಷ್ಟೋ ವಾಸಿ. ಆದರೆ ಫಿಸಿಯೊ ಹೇಳಿದ್ದರಲ್ಲೂ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಉಸಿರು ಸ್ವಲ್ಪ ಏರುವಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. ಉಸಿರು ಏರೋದು ಅಂದರೆ ಮಾತಾಡಬಹುದು, ಹಾಡಲು ಆಗಬಾರದು, ಅಷ್ಟೇ. ಲಾಂಡ್ರಿಯಿಂದ ಡ್ರೆಸಿಂಗ್ ರೂಮಿಗೆ, ಅಲ್ಲಿಂದ ಬಸ್ಸಿಗೆ, ಹತ್ತು ಹೆಜ್ಜೆಗೊಮ್ಮೆ ನಿಂತು ನಡೆಯುವ ನಿಮ್ಮ ನಡಿಗೆಯಲ್ಲಿ ಉಸಿರು ಏರುವುದು ಕಡಿಮೆ. ಟ್ರಂಕ್ ಎತ್ತುವುದರಲ್ಲಿ ಸೊಂಟ ಸವೆಯುತ್ತೆ, ಗಟ್ಟಿಯಾಗಲ್ಲ, ಯಾಕಂದರೆ ಅವಸರದಲ್ಲಿ ಬಗ್ಗಿ, ತಿರುಗಿ ಎತ್ತುತ್ತೀರಿ.

ತಂಡ ಮೈದಾನದಲ್ಲಿ ಇರುವಾಗ ಜಿಮ್ ಖಾಲಿ ಇರುತ್ತೆ ಅಲ್ವಾ? ವಾರಕ್ಕೆ ಎರಡು ಸಲ ಇಪ್ಪತ್ತೈದು ನಿಮಿಷ ಸಾಕು. ಕುರ್ಚಿಯಿಂದ ಎದ್ದು ಕೂರುವ ಸ್ಕ್ವಾಟ್, ಮಲಗಿ ಸೊಂಟ ಎತ್ತುವ ಬ್ರಿಜ್, ಪ್ಲ್ಯಾಂಕ್, ಎರಡೂ ಕೈಯಲ್ಲಿ ತೂಕ ಹಿಡಿದು ನೆಟ್ಟಗೆ ನಡೆಯೋದು. ಆ ಫಿಸಿಯೊ ಹುಡುಗನನ್ನೇ ಹಿಡಿದು ಕಲಿಯಿರಿ, ಬಾಯಿ ಬಿಟ್ಟವನು ಅವನೇ ತಾನೆ. ಟ್ರಂಕ್‌ಗೆ ಚಕ್ರ ಹಾಕಿಸಿ, ಇಬ್ಬರು ಸೇರಿ ಎತ್ತಿ. ನೋವು ಕಾಲಿಗೆ ಇಳಿದರೆ, ಮರಗಟ್ಟಿದರೆ ಡಾಕ್ಟರ್ ಹತ್ತಿರ ಹೋಗಿ. ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಆಸ್ಪತ್ರೆಗೆ, ಮ್ಯಾಚ್ ಮುಗಿಯಲಿ ಅಂತ ಕಾಯಬೇಡಿ.

ಪ್ರಶ್ನೆ: ತಂಡದ ಪ್ರೋಟೀನ್ ಪುಡಿ ಉಳಿದಿರುತ್ತೆ. ಮಸಾಜ್ ಮಾಡುವ ನಾನೂ ಕುಡೀಬಹುದಾ?

ಉತ್ತರ: ಮ್ಯಾನೇಜರನ್ನು ಕೇಳಿ ಕುಡೀರಿ. ಕಿಡ್ನಿ ತೊಂದರೆ ಇಲ್ಲದಿದ್ದರೆ ಏನೂ ಆಗಲ್ಲ, ಊಟದ ಬದಲು ಮಾತ್ರ ಬೇಡ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಸಿಗುತ್ತೆ, ಅದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಪ್ರಶ್ನೆ: ಮಂಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮವರು ಅಸಿಸ್ಟೆಂಟ್ ಕೋಚ್. ಮೊದಲು ಆಡುತ್ತಿದ್ದರು, ಈಗ 46. ಆಟ ಬಿಟ್ಟ ಮೇಲೆ ಹೊಟ್ಟೆ ಬಂದಿದೆ, ಗೊರಕೆ ಅಂತೂ ಪಕ್ಕದ ರೂಮಿಗೆ ಕೇಳಿಸುತ್ತೆ. ಕೇಳಿದರೆ ‘ನಾನು ತಂಡದ ಡಯಟ್ ಊಟವೇ ಮಾಡೋದು, ದಿನಾ ಗ್ರೌಂಡಲ್ಲೇ ಇರ್ತೀನಿ’ ಅಂತಾರೆ. ಸಿಗರೇಟೂ ಇದೆ. ಏನು ಹೇಳಲಿ?

ಉತ್ತರ: ತಂಡದ ಡಯಟ್ ಊಟ, ಅದೇ ತೊಂದರೆ. ಮ್ಯಾಚಿನಲ್ಲಿ ಒಬ್ಬ ಆಟಗಾರ ಹತ್ತು ಹನ್ನೆರಡು ಕಿಲೋಮೀಟರ್ ಓಡಿರುತ್ತಾನೆ. ಖಾಲಿಯಾದದ್ದು ತುಂಬಲಿ ಅಂತ ಅವನ ತಟ್ಟೆಗೆ ಪಾಸ್ತಾ, ಅನ್ನ, ಬಾಳೆಹಣ್ಣು, ಜ್ಯೂಸು. ನಿಮ್ಮವರು ಗೆರೆ ಪಕ್ಕ ನಿಂತು ಕೂಗಿ, ಅದೇ ಸಾಲಿನಲ್ಲಿ ಅದೇ ತಟ್ಟೆ ತುಂಬಿಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಆಡಿದವರಿಗೆ ಹಸಿವಿನ ಅಭ್ಯಾಸ ಹಾಗೇ ಉಳಿದಿರುತ್ತದೆ, ಓಟ ನಿಂತಿರುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಬಾಟಲಿಯೂ ಕೈಯಲ್ಲಿರಬೇಕು. ಅರ್ಧ ಲೀಟರಿನಲ್ಲಿ ಹೆಚ್ಚುಕಡಿಮೆ 30 ಗ್ರಾಂ ಸಕ್ಕರೆ ಇರುತ್ತೆ. ನಿಂತವರಿಗೆ ನೀರು, ಮಜ್ಜಿಗೆ ಸಾಕು.

ಮನೆಯಲ್ಲಿ ಇರುವ ದಿನ ನಿಮ್ಮ ಕೈಯಲ್ಲಿ ಆಗುವುದು: ಅರ್ಧ ತಟ್ಟೆ ಪಲ್ಯ, ಸೊಪ್ಪು, ತರಕಾರಿ, ಒಂದು ಹಿಡಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮೀನು ಹುರಿಯೋದು ವಾರಕ್ಕೊಮ್ಮೆ ಇರಲಿ. ಮ್ಯಾಚ್ ದಿನ ಸಂಜೆ ಐದಕ್ಕೆ ಅವರು ಸರಿಯಾಗಿ ಏನಾದರೂ ತಿಂದರೆ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ಮೇಲೆ ಬೀಳುವುದು ತಪ್ಪುತ್ತೆ. ಆಮೇಲೆ ಸ್ವಲ್ಪ ಮೊಸರನ್ನ ಸಾಕು.

ಗೊರಕೆಯನ್ನು ತಮಾಷೆಗೆ ಬಿಡಬೇಡಿ. ಮಧ್ಯೆ ಮಧ್ಯೆ ಉಸಿರು ನಿಂತಂತಾಗಿ ಆಮೇಲೆ ಜೋರಾಗಿ ಎಳೆದುಕೊಳ್ಳುತ್ತಾರಾ, ಹಗಲು ತೂಕಡಿಸುತ್ತಾರಾ, ನೋಡಿ. ಹಾಗಿದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು, ನಿದ್ದೆಯ ಪರೀಕ್ಷೆ ಮಾಡಿಸಬೇಕು. ಸೊಂಟದ ಸುತ್ತಳತೆ ನಮ್ಮ ಕಡೆಯ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಟೇಪ್ ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ನೀವೇ ಅಳೆಯಿರಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಈ ತಿಂಗಳೇ ಆಗಲಿ. ನಮ್ಮವರಿಗೆ ಹೃದಯದ ಕಾಯಿಲೆ ಬೇರೆ ದೇಶದವರಿಗಿಂತ ಬೇಗ ಬರುತ್ತದೆ.

ಇನ್ನು ಸಿಗರೇಟು. ಅವರು ಫುಟ್‌ಬಾಲ್ ಜನ, ನನ್ನ ಮಾತು ಕೇಳದಿದ್ದರೆ ಯೋಹಾನ್ ಕ್ರೈಫ್ ಹೆಸರು ಹೇಳಿ. ಬಾರ್ಸಿಲೋನಾ ಕೋಚ್ ಆಗಿದ್ದಾಗ ಬೆಂಚಲ್ಲಿ ಕೂತು ಒಂದಾದ ಮೇಲೊಂದು ಸೇದುತ್ತಿದ್ದವರು. 1991ರಲ್ಲಿ ಹೃದಯಕ್ಕೆ ಬೈಪಾಸ್ ಆಯಿತು, ಆಗ ವಯಸ್ಸು 43. ಆಮೇಲೆ ಬೆಂಚಿನಲ್ಲಿ ಅವರ ಬಾಯಲ್ಲಿ ಕಡ್ಡಿ ಇರುವ ಲಾಲಿಪಾಪ್. ತಂಬಾಕು ಬಿಡಿ ಅಂತ ಜಾಹೀರಾತನ್ನೂ ಮಾಡಿದರು. ಲಿವರ್‌ಪೂಲ್ ಕೋಚ್ ಜೆರಾರ್ಡ್ ಉಲಿಯೆ 2001ರ ಅಕ್ಟೋಬರಿನಲ್ಲಿ ಲೀಡ್ಸ್ ವಿರುದ್ಧದ ಮ್ಯಾಚಿನ ಹಾಫ್‌ಟೈಮ್‌ನಲ್ಲಿ ಎದೆ ನೋವು ಅಂದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಸೀಳಿತ್ತು, ಹನ್ನೊಂದು ಗಂಟೆ ಆಪರೇಷನ್. ಮತ್ತೆ ಬೆಂಚಿಗೆ ಬರಲು ಐದು ತಿಂಗಳಾಯಿತು. ಹೆದರಿಸಲು ಹೇಳುತ್ತಿಲ್ಲ. ಸರಿ, ಸ್ವಲ್ಪ ಹೆದರಿಸಲಿಕ್ಕೇ.

ಪ್ರಶ್ನೆ: ಮಹಿಳಾ ತಂಡಕ್ಕೆ ಫಿಸಿಯೊ. ಎಷ್ಟೋ ಮೈದಾನಗಳಲ್ಲಿ ನಮಗೆ ಸರಿಯಾದ ಟಾಯ್ಲೆಟ್ ಇಲ್ಲ, ಹಾಗಾಗಿ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ. ಊಟದ ಬದಲು ಚಹಾ, ಬಿಸ್ಕತ್ತು. ತಲೆ ಸುತ್ತು, ಸುಸ್ತು.

ಉತ್ತರ: ಆಟಗಾರ್ತಿಯರಿಗೆ ನೀರು ಕುಡಿಯಿರಿ ಅಂತ ದಿನಾ ಹೇಳುವವರು ನೀವೇ! ನೀರು ಬಿಟ್ಟರೆ ಉರಿಮೂತ್ರ, ಸೋಂಕು, ತಲೆನೋವು ಬಂದೇ ಬರುತ್ತವೆ. ಆದರೆ ಇಲ್ಲಿ ತಪ್ಪು ನಿಮ್ಮದಲ್ಲ. ಮೈದಾನ ಗೊತ್ತು ಮಾಡುವಾಗಲೇ ಟಾಯ್ಲೆಟ್ ಇದೆಯಾ ಅಂತ ನೋಡುವುದು ಮ್ಯಾನೇಜರ್ ಕೆಲಸ. ಆಂಬುಲೆನ್ಸ್ ಇದೆಯಾ, ಐಸ್ ಇದೆಯಾ ಅಂತ ಕೇಳುವ ಪಟ್ಟಿಯಲ್ಲೇ ಇದನ್ನೂ ಬರೆಸಿ, ಬಾಯಿಮಾತಲ್ಲಿ ಬೇಡ. ನಿಮ್ಮ ಕಡೆಯಿಂದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ನಡುವಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ ಇತ್ತು. ಚಹಾವನ್ನು ಊಟದ ಜೊತೆ ಕುಡಿಯಬೇಡಿ, ಕಬ್ಬಿಣದ ಅಂಶವನ್ನು ಅದು ಮೈಗೆ ಹತ್ತಲು ಬಿಡಲ್ಲ. ಡಬ್ಬಿಯಲ್ಲಿ ಸೊಪ್ಪಿನ ಪಲ್ಯ ಚಪಾತಿ, ಹೆಸರುಕಾಳು ಉಸಲಿಗೆ ನಿಂಬೆಹಣ್ಣು, ಜೊತೆಗೆ ಹುರಿದ ಕಡಲೆಕಾಯಿ. ಬಿಸ್ಕತ್ತನ್ನು ಅನಲಿಸ್ಟ್‌ಗೆ ಕೊಡಿ. ಬೇಡ, ಅವರಿಗೂ ಬೇಡ.

ಪ್ರಶ್ನೆ: ಕ್ಲಬ್ಬಿನ ಆಡಳಿತ ನೋಡಿಕೊಳ್ಳುತ್ತೇನೆ. ಸಿಬ್ಬಂದಿಗೆ ಯೋಗ ಕ್ಲಾಸ್, ಸ್ಮಾರ್ಟ್‌ವಾಚ್ ಕೊಡಿಸೋಣ ಅಂತಿದ್ದೇವೆ. ನಿಮ್ಮ ಅಭಿಪ್ರಾಯ?

ಉತ್ತರ: ಯೋಗ ಕ್ಲಾಸ್ ಎಷ್ಟು ಗಂಟೆಗೆ? ಬೆಳಿಗ್ಗೆ ಆರಕ್ಕೆ ಅಂತಿದ್ದರೆ ಬೇಡ, ರಾತ್ರಿ ಮೂರಕ್ಕೆ ಮಲಗಿದವರು ಬರಲ್ಲ, ಬಂದರೆ ಇನ್ನೂ ಕೆಡುಕು. ವಾಚ್ ನಿದ್ದೆ ಕಡಿಮೆ ಅಂತ ಹೇಳುತ್ತೆ. ಅದು ಅವರಿಗೆ ಗೊತ್ತೇ ಇದೆ.

ಕೆಲಸದ ವೇಳಾಪಟ್ಟಿ ಸರಿ ಮಾಡದೆ ಮಿಕ್ಕಿದ್ದು ಮಾಡಿದರೆ ಸುಮ್ನೆ ದುಡ್ಡು ದಂಡ. ನಮ್ಮ ಫುಟ್‌ಬಾಲ್ ಲೀಗ್ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) 2020-21 ಮತ್ತು 2021-22ರ ಸೀಸನ್ನುಗಳು ಪೂರ್ತಿ ಗೋವಾದಲ್ಲೇ ನಡೆದವಲ್ಲ, ಕೋವಿಡ್ ಬಬಲ್ ಒಳಗೆ. ತಿಂಗಳುಗಟ್ಟಲೆ ಹೋಟೆಲು, ಮೈದಾನ, ಹೋಟೆಲು. ಆಟಗಾರರ ಮನಸ್ಸಿನ ಬಗ್ಗೆ ಆಗ ಸಾಕಷ್ಟು ಮಾತು ಬಂತು, ಅದೇ ಹೋಟೆಲಿನಲ್ಲಿದ್ದ ಸಿಬ್ಬಂದಿ ಬಗ್ಗೆ ಅಷ್ಟು ಬರಲಿಲ್ಲ. ಜರ್ಮನಿಯ ರಾಲ್ಫ್ ರಾಂಗ್ನಿಕ್ 2011ರ ಸೆಪ್ಟೆಂಬರಿನಲ್ಲಿ ಶಾಲ್ಕೆ ತಂಡದ ಕೋಚ್ ಕೆಲಸವನ್ನು ಸುಸ್ತಾಗಿದೆ, ಶಕ್ತಿ ಇಲ್ಲ ಅಂತ ಹೇಳಿಯೇ ಬಿಟ್ಟರು. ಮುಖ್ಯ ಕೋಚ್ ಹಾಗೆ ಹೇಳಬಹುದು. ನಿಮ್ಮ ಕಿಟ್ ಮ್ಯಾನೇಜರ್ ಹೇಳಿದರೆ ಮರುದಿನ ಬೇರೆಯವರು ಬಂದಿರುತ್ತಾರೆ, ಅಲ್ವಾ? ಅದಕ್ಕೇ ಯಾರೂ ಹೇಳುವುದಿಲ್ಲ.

ಮ್ಯಾಚ್ ಮರುದಿನ ಹನ್ನೊಂದರ ಮೊದಲು ಸಿಬ್ಬಂದಿಗೆ ಮೀಟಿಂಗ್ ಇಡಬೇಡಿ. ರಜೆ ಅಂದರೆ ವಾಟ್ಸಾಪ್ ಗುಂಪಿಗೂ ರಜೆ. ಸೀಸನ್ನಿಗೆ ಮುಂಚೆ ಆಟಗಾರರ ವೈದ್ಯಕೀಯ ತಪಾಸಣೆ ಮಾಡಿಸುತ್ತೀರಲ್ಲ, ಅದೇ ದಿನ ಅದೇ ಡಾಕ್ಟರ ಹತ್ತಿರ ನಲವತ್ತು ದಾಟಿದ ಸಿಬ್ಬಂದಿಗೂ ಬಿಪಿ, ಸಕ್ಕರೆ, ಇಸಿಜಿ ಮಾಡಿಸಿ. ಬಫೆಯಲ್ಲಿ ಓಡದವರಿಗೂ ಒಂದು ಮೂಲೆ ಇರಲಿ. ಬೆಳಿಗ್ಗೆ ನಿದ್ದೆ ಹೇಗಿತ್ತು, ಮೈಕೈ ನೋವಿದೆಯಾ ಅಂತ ಆಟಗಾರರು ತುಂಬುವ ಫಾರ್ಮನ್ನು ಸಿಬ್ಬಂದಿಯೂ ತುಂಬಲಿ, ಹೆಸರು ಬರೆಯದೆ. ಒಂದು ತಿಂಗಳು ತುಂಬಿಸಿ ಓದಿ ನೋಡಿ, ವಾಚಿನ ದುಡ್ಡನ್ನು ಕ್ಯಾಬ್‌ಗೆ ಹಾಕಬೇಕಾ, ಇನ್ನೊಬ್ಬ ಅನಲಿಸ್ಟ್‌ಗೆ ಹಾಕಬೇಕಾ ಅಂತ ಅದರಲ್ಲೇ ಗೊತ್ತಾಗುತ್ತದೆ.