ಕೋಣ ಓಡಲಿ, ಚಿತ್ರ ಕುಪ್ಪಳಿಸದಿರಲಿ

ಪ್ರಶ್ನೆ: ಮೊಬೈಲಿನಲ್ಲಿ ಕಂಬಳದ ಓಟ ಚಿತ್ರೀಕರಿಸಿದೆ. ವಿಡಿಯೊ ಸಂಕಲನದ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ವೇಗವನ್ನು ಶೇ. 25ಕ್ಕೆ ಇಳಿಸಿದರೆ ಕೋಣಗಳು ತಡೆತಡೆದು ಓಡುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ಕಾರ್ಕಳ

ಉತ್ತರ: ನೀವು ಸೆಕೆಂಡಿಗೆ 30 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ) ತೆಗೆದಿರಬೇಕು. ಅದನ್ನು ನಾಲ್ಕು ಪಟ್ಟು ಎಳೆದರೆ ಸೆಕೆಂಡಿಗೆ ಸಿಗುವುದು ಏಳೂವರೆ ಫ್ರೇಮು ಮಾತ್ರ. ಸಾಫ್ಟ್‌ವೇರ್ ಪಾಪ, ಇದ್ದದ್ದನ್ನೇ ಮತ್ತೆ ಮತ್ತೆ ತೋರಿಸುತ್ತದೆ. ಇರುವ ಕ್ಲಿಪ್ಪಿಗೆ ಸೆಟ್ಟಿಂಗುಗಳ ಫಲಕವಾದ ಇನ್‌ಸ್ಪೆಕ್ಟರ್‌ನಲ್ಲಿ ‘ರೀಟೈಮ್ ಪ್ರೋಸೆಸ್’ ತೆರೆದು ‘ಆಪ್ಟಿಕಲ್ ಫ್ಲೋ’ ಆರಿಸಿ. ಅದು ಎರಡು ಫ್ರೇಮುಗಳ ನಡುವಿನ ಚಲನೆ ಊಹಿಸಿ ಹೊಸ ಫ್ರೇಮು ಹೆಣೆಯುತ್ತದೆ. ಆದರೆ ಕೆಸರುನೀರು ಚಿಮ್ಮುವ ಕಡೆ ಈ ಊಹೆ ಕೈಕೊಡುತ್ತದೆ. ನನ್ನದೊಂದು ಕ್ಲಿಪ್ಪಿನಲ್ಲಿ ಕೋಣದ ಕಾಲು ನೀರಿನೊಳಗೆ ಬೆಲ್ಲದ ಪಾಕದಂತೆ ಕರಗಿಹೋಗಿತ್ತು! ಶೇ. 50ಕ್ಕೆ ನಿಲ್ಲಿಸಿದ ಮೇಲೆಯೇ ನೋಡುವಂತಾಯಿತು.

ಮುಂದಿನ ಸಲ 120 ಫ್ರೇಮಿನಲ್ಲೇ ತೆಗೆಯಿರಿ. ಟೈಮ್‌ಲೈನ್ (ಕ್ಲಿಪ್ಪುಗಳನ್ನು ಜೋಡಿಸುವ ಪಟ್ಟಿ) ಸೆಕೆಂಡಿಗೆ 30 ಫ್ರೇಮಿಗೆ ಇಟ್ಟರೆ ಶೇ. 25ರ ವೇಗದಲ್ಲೂ ಪ್ರತಿ ಫ್ರೇಮು ಅಸಲಿಯೇ. ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ) 1/240 ಸೆಕೆಂಡಿನ ಆಸುಪಾಸಿರಲಿ. ಅದಕ್ಕೆ ಬೆಳಕು ಜಾಸ್ತಿ ಬೇಕು, ಹಾಗಾಗಿ ಹಗಲಿನ ಓಟವೇ ವಾಸಿ. ರಾತ್ರಿ ಕರೆಯ (ಕೋಣ ಓಡುವ ಕೆಸರಿನ ಹಾದಿಯ) ಪಕ್ಕದ ದೀಪಗಳು ಮಿನುಗುವುದೂ ಉಂಟು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಲವು ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಆಗ 100 ಫ್ರೇಮಿನ ಆಯ್ಕೆಯಿದ್ದರೆ ಅದನ್ನೇ ಬಳಸಿ, ಶಟರ್ 1/100 ಇಡಿ.