ಮನೆಯಲ್ಲೇ ಸೈಕಲ್ ರಿಪೇರಿ: ಯಾವ ಉಪಕರಣ ಬೇಕು, ಯಾವುದು ಬೇಡ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಸೈಕಲ್‌ಗಳಿವೆ. ಒಂದು, ಮಗಳು ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರದಿಂದ ಸಿಕ್ಕಿದ್ದು. ಇನ್ನೊಂದು, ಮಗನಿಗೆಂದು ಕೊಂಡ, ಡಿಸ್ಕ್ ಬ್ರೇಕ್ ಇರುವ ಗೇರ್ ಸೈಕಲ್. ಬಡಾವಣೆಯ ಸೈಕಲ್ ಶಾಪ್ ಮುಚ್ಚಿದ ಮೇಲೆ ಪಂಚರ್ ಹಾಕಿಸುವುದಕ್ಕೂ ದೂರದವರೆಗೆ ತಳ್ಳಿಕೊಂಡು ಹೋಗಬೇಕಾಗಿದೆ. ಸಣ್ಣಪುಟ್ಟ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳಲು 2,000 ರೂಪಾಯಿಯೊಳಗೆ ಟೂಲ್ ಕಿಟ್ ಹುಡುಕುತ್ತಿದ್ದೇನೆ. ನಲವತ್ತಕ್ಕೂ ಹೆಚ್ಚು ಸಾಮಾನುಗಳಿರುವ ಪೆಟ್ಟಿಗೆಯನ್ನೇ ಕೊಳ್ಳಲೆ, ಅಥವಾ ಬಿಡಿಬಿಡಿಯಾಗಿ ಕೊಳ್ಳುವುದು ಮೇಲೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಬಿಡಿಬಿಡಿಯಾಗಿಯೇ ಕೊಳ್ಳಿ. ಆ ದೊಡ್ಡ ಪೆಟ್ಟಿಗೆಗಳಲ್ಲಿ ಇರುವ ಸಾಮಾನುಗಳಲ್ಲಿ ಹಲವು, ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕೀಳುವ ಪುಲ್ಲರ್, ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಅಂದರೆ ಕ್ರ್ಯಾಂಕ್ ತಿರುಗುವ ಅಚ್ಚಿನ ಭಾಗ) ಬಿಚ್ಚುವ ಸಾಧನ, ಫ್ರೀವೀಲ್ (ಹಿಂದಿನ ಚಕ್ರದ ಹಲ್ಲಿನ ಗಾಲಿ) ತೆಗೆಯುವ ಸಾಧನ ಇಂಥವು. ಇವುಗಳ ಅಳತೆ ಒಂದೊಂದು ತಯಾರಿಕೆಗೆ ಒಂದೊಂದು ಬಗೆಯಾಗಿರುವುದರಿಂದ ನಿಮ್ಮ ಸೈಕಲ್ಲಿಗೆ ಹೊಂದದೆಯೂ ಹೋಗಬಹುದು; ಹೊಂದಿದರೂ ಅವುಗಳ ಅಗತ್ಯ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಇಷ್ಟೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಅಗ್ಗದ ಬೆಲೆಗೆ ತುಂಬಬೇಕಾದಾಗ, ನೀವು ದಿನವೂ ಹಿಡಿಯುವ ಅಲೆನ್ ಕೀ (ಬೋಲ್ಟಿನ ತಲೆಯ ಆರು ಮೂಲೆಯ ಕುಳಿಗೆ ಹಾಕಿ ತಿರುಗಿಸುವ ಕೀ) ಮತ್ತು ಸ್ಪ್ಯಾನರ್‌ಗಳ ಕಬ್ಬಿಣದ ಗುಣಮಟ್ಟಕ್ಕೇ ಮೊದಲು ಕತ್ತರಿ ಬೀಳುತ್ತದೆ. ಮೆದು ಕಬ್ಬಿಣದ ಅಲೆನ್ ಕೀಯ ಮೂಲೆಗಳು ಸವೆದರೆ ಅದು ಬೋಲ್ಟಿನೊಳಗೆ ಜಾರಿ ಬೋಲ್ಟಿನ ಮೂಲೆಗಳನ್ನೂ ಉರುಟು ಮಾಡಿಬಿಡುತ್ತದೆ. ಆಮೇಲೆ ಆ ಬೋಲ್ಟನ್ನು ಡ್ರಿಲ್ ಮಾಡಿಯೇ ತೆಗೆಯಬೇಕಾದ ಸ್ಥಿತಿ ಬರಬಹುದು. ಹೊಂದದ ಉಪಕರಣವೊಂದು ಕೈಯಲ್ಲಿರುವುದಕ್ಕಿಂತ ಉಪಕರಣವೇ ಇಲ್ಲದಿರುವುದು ಸೈಕಲ್ಲಿಗೆ ಒಳ್ಳೆಯದೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಂಗಡಿಗೆ ಹೋಗುವ ಮುನ್ನ ಒಂದು ಕಾಗದ ಹಿಡಿದು ಎರಡೂ ಸೈಕಲ್ಲುಗಳ ಮುಂದೆ ಕುಳಿತು, ಯಾವ ಯಾವ ಜಾಗದಲ್ಲಿ ನಟ್ಟು ಇದೆ, ಎಲ್ಲೆಲ್ಲಿ ಅಲೆನ್ ಬೋಲ್ಟು ಇದೆ ಎಂದು ಬರೆದುಕೊಳ್ಳಿ. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದಂಥ ಗೇರಿಲ್ಲದ ಸೈಕಲ್‌ಗಳಲ್ಲಿ ಹೆಚ್ಚಾಗಿ ಆರು ಮೂಲೆಯ ನಟ್ಟುಗಳೇ ಇರುತ್ತವೆ. ಅವಕ್ಕೆ 8ರಿಂದ 15 ಮಿಲಿಮೀಟರ್‌ವರೆಗಿನ ಸ್ಪ್ಯಾನರ್‌ಗಳು ಸಾಕು: ಬ್ರೇಕಿನ ಭಾಗಗಳಿಗೆ 8, 9, 10, ಸೀಟಿನ ಕೆಳಗಿನ ಕ್ಲಿಪ್ಪಿಗೆ ಸಾಮಾನ್ಯವಾಗಿ 13 ಅಥವಾ 14, ಚಕ್ರದ ನಟ್ಟುಗಳಿಗೆ 14 ಅಥವಾ 15. ಇನ್ನೂ ಹಳೆಯ ಕಾಲದ ಕಪ್ಪು ಸೈಕಲ್ ಮನೆಯಲ್ಲಿದ್ದವರು ಗಮನಿಸಬೇಕು. ಅವುಗಳ ನಟ್ಟುಗಳು ಇಂಚಿನ ಅಳತೆಯವಾಗಿರಬಹುದಾದ್ದರಿಂದ ಮಿಲಿಮೀಟರ್ ಸ್ಪ್ಯಾನರ್ ಸಡಿಲವಾಗಿ ಕೂರುತ್ತದೆ. ಅಂಥವರು ಒಂದು ನಟ್ಟನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಕ್ಷೇಮ. ಗೇರ್ ಸೈಕಲ್ಲಿನ ಹ್ಯಾಂಡಲ್, ಸೀಟಿನ ಕ್ಲ್ಯಾಂಪ್, ಬ್ರೇಕ್, ಗೇರ್ ತಂತಿ ಬಿಗಿಯುವ ಜಾಗ ಇವೆಲ್ಲ ಬಹುಪಾಲು 4, 5, 6 ಮಿಲಿಮೀಟರ್ ಅಲೆನ್ ಕೀಗಳಿಗೇ ಬಿಚ್ಚಿಕೊಳ್ಳುತ್ತವೆ. ಡಿಸ್ಕನ್ನು ಚಕ್ರದ ನಡುವಿನ ಹಬ್‌ಗೆ ಕೂರಿಸುವ ನಕ್ಷತ್ರದಾಕಾರದ ಸ್ಕ್ರೂಗಳಿಗೆ ಮಾತ್ರ ಟಿ25 ಎಂಬ ಅಳತೆಯ ಟಾರ್ಕ್ಸ್ ಕೀ ಬೇಕು.

ಈ ಸ್ಪ್ಯಾನರ್ ಮತ್ತು ಅಲೆನ್ ಕೀಗಳನ್ನು ಸೈಕಲ್ಲಿನದೇ ಎಂಬ ಹೆಸರಿನಲ್ಲಿ ಮಾರುವ ಕಡೆ ಕೊಳ್ಳಬೇಕೆಂದೇನಿಲ್ಲ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತಪಾರಿಯಾದಂಥ ಕಂಪನಿಗಳ ಸೆಟ್ಟುಗಳನ್ನು ಮೋಟಾರು ಗ್ಯಾರೇಜಿನವರೂ ಬಳಸುತ್ತಾರೆ. ಅಲೆನ್ ಕೀ ಕೊಳ್ಳುವಾಗ ಉದ್ದ ತೋಳಿನದನ್ನು ಆರಿಸಿಕೊಂಡರೆ ಗಟ್ಟಿಯಾಗಿ ಕೂತ ಬೋಲ್ಟುಗಳನ್ನು ಬಿಚ್ಚುವುದು ಸುಲಭ. ಬಿಗಿಯುವಾಗ ಮಾತ್ರ ಗಿಡ್ಡ ತೋಳನ್ನು ಹಿಡಿದರೆ ಅತಿಯಾಗಿ ಬಿಗಿದು ಮರೆ (ಬೋಲ್ಟಿನ ಸುರುಳಿ ಗೀರು) ಕಿತ್ತುಹೋಗುವ ಭಯವಿರುವುದಿಲ್ಲ. ಅಡ್ಜಸ್ಟಬಲ್ ಸ್ಪ್ಯಾನರ್ ಒಂದಿದ್ದರೆ ಎಲ್ಲ ಕೆಲಸವೂ ಆಗುತ್ತದೆಂದು ಅಂಗಡಿಯವರು ಹೇಳಬಹುದು. ಅದರ ಬಾಯಿ ಸ್ವಲ್ಪ ಅಲುಗಾಡಿದರೂ ನಟ್ಟಿನ ಮೂಲೆ ಸವೆಯುವುದರಿಂದ ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸ್ಟೀಲ್ ಸ್ಕೇಲ್ ಇವು ಮನೆಯಲ್ಲಿ ಇದ್ದೇ ಇರುತ್ತವೆ.

ನಿಮ್ಮ ಹಣದಲ್ಲಿ ಅತಿ ದೊಡ್ಡ ಪಾಲನ್ನು ಗಾಳಿ ಪಂಪಿಗೆ ಮೀಸಲಿಡಿ ಎಂಬುದು ನನ್ನ ಒತ್ತಾಯದ ಸಲಹೆ. ಗಾಳಿ ಕಡಿಮೆಯಿರುವ ಟೈರು ಕಲ್ಲಿಗೋ ಗುಂಡಿಯ ಅಂಚಿಗೋ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ಸೀಳು ಬಿಡುತ್ತದೆ. ವಾರಕ್ಕೊಮ್ಮೆ ಗಾಳಿ ನೋಡಿಕೊಂಡರೆ ಈ ಬಗೆಯ ಪಂಚರ್‌ಗಳು ಬಹಳ ಮಟ್ಟಿಗೆ ತಪ್ಪುತ್ತವೆ. ಕಾಲಿನಲ್ಲಿ ಮೆಟ್ಟಿ ನಿಲ್ಲಿಸಿಕೊಂಡು ಎರಡೂ ಕೈಯಿಂದ ಒತ್ತುವ, ಒತ್ತಡ ತೋರಿಸುವ ಮೀಟರ್ ಇರುವ ಪಂಪನ್ನೇ ಆರಿಸಿಕೊಳ್ಳಿ. ನಿಮ್ಮ ಹಳೆಯ ಸೈಕಲ್ಲಿನಲ್ಲಿ ಒಳಗೆ ಸಣ್ಣ ರಬ್ಬರ್ ವಾಲ್‌ಟ್ಯೂಬ್ ಇರುವ ಹಳೆಯ ಮಾದರಿಯ ವಾಲ್ವ್ ಇರುವ ಸಾಧ್ಯತೆಯೇ ಹೆಚ್ಚು. ಗೇರ್ ಸೈಕಲ್ಲಿನಲ್ಲಿ ಮೋಟಾರ್ ಬೈಕಿನಂಥದೇ ವಾಲ್ವ್ ಇರಬಹುದು. ಪಂಪಿನ ಬಾಯಿ ಎರಡಕ್ಕೂ ಹೊಂದುತ್ತದೆಯೇ ಎಂದು ಕೊಳ್ಳುವ ಮುನ್ನವೇ ಪರೀಕ್ಷಿಸಿ. ಹಳೆಯ ಮಾದರಿಯ ವಾಲ್ವಿನಲ್ಲಿ ರಬ್ಬರನ್ನು ತಳ್ಳಿಕೊಂಡು ಗಾಳಿ ಒಳಹೋಗಬೇಕಾದ್ದರಿಂದ ಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡುವ ರೂಢಿಯೂ ಜೊತೆಗಿರಲಿ. ಎಷ್ಟು ಗಾಳಿ ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಪಂಚರ್ ಕೆಲಸಕ್ಕೆ ಎರಡು ಮೂರು ಪ್ಲಾಸ್ಟಿಕ್ ಟೈರ್ ಲಿವರ್, ಪ್ಯಾಚು, ಪ್ಯಾಚು ಅಂಟಿಸುವ ಸಲ್ಯೂಷನ್ನಿನ ಸಣ್ಣ ಟ್ಯೂಬು, ಉಪ್ಪು ಕಾಗದ ಬೇಕು. ಟೈರು ಎಬ್ಬಿಸಲು ಸ್ಕ್ರೂಡ್ರೈವರ್ ಹಾಕಬೇಡಿ. ಒಂದು ತೂತು ಮುಚ್ಚಲು ಹೋಗಿ ಇನ್ನೊಂದನ್ನು ಮಾಡಿದಂತಾಗುತ್ತದೆ. ಪ್ಯಾಚು ಕಿತ್ತು ಬರುವುದಕ್ಕೆ ಮುಖ್ಯ ಕಾರಣ ಅವಸರ. ತೂತಿನ ಸುತ್ತ ಉಜ್ಜಿ, ಸಲ್ಯೂಷನ್ ಸವರಿ, ಅದರ ಹೊಳಪು ಆರಿ ಬೆರಳಿಗೆ ಅಂಟದಂತಾಗುವವರೆಗೆ ಐದು ನಿಮಿಷದಷ್ಟು ಕಾದು ಆಮೇಲೆ ಪ್ಯಾಚು ಒತ್ತಬೇಕು. ಟ್ಯೂಬನ್ನು ಮರಳಿ ಹಾಕುವ ಮೊದಲು ಟೈರಿನ ಒಳಭಾಗವನ್ನು ಬಟ್ಟೆಯಿಂದ ಒರೆಸಿ ನೋಡಿ. ನಿಮ್ಮ ಬಯಲುಸೀಮೆಯ ಕಡೆ ಜಾಲಿಮುಳ್ಳಿನ ತುದಿ ಮುರಿದು ಅಲ್ಲೇ ಉಳಿದಿದ್ದರೆ ಹೊಸ ಪ್ಯಾಚಿನ ಪಕ್ಕದಲ್ಲೇ ಮತ್ತೆ ಚುಚ್ಚುತ್ತದೆ. ಸಲ್ಯೂಷನ್ ಒಮ್ಮೆ ತೆರೆದರೆ ಕೆಲವು ತಿಂಗಳಲ್ಲಿ ಒಣಗುವುದರಿಂದ ದೊಡ್ಡ ಡಬ್ಬಿ ಬೇಡ.

ಚೈನಿನ ಸವೆತ ನೋಡಲು ಬೇರೆ ಸಾಧನ ಕೊಳ್ಳಬೇಕಾಗಿಲ್ಲ. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಆದ್ದರಿಂದ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದರೆ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನಾಲ್ಕನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಅದು 1/16 ಇಂಚು ಮುಂದೆ ಹೋಗಿದ್ದರೆ ಗೇರ್ ಸೈಕಲ್ಲಿನ ಚೈನು ಬದಲಿಸುವ ಸಮಯವಾಯಿತು. ತಡಮಾಡಿದರೆ ಗೇರಿನ ಹಲ್ಲುಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ. ಬದಲಿಸುವ ಧೈರ್ಯವಿದ್ದರೆ ಆಗ ಚೈನ್ ಕಟರ್ ಕೊಂಡರಾಯಿತು. ಗೇರಿಲ್ಲದ ಸೈಕಲ್ಲಿನ ಚೈನಿಗೆ ಸಾಮಾನ್ಯವಾಗಿ ಕ್ಲಿಪ್ ಲಾಕ್ ಇರುವುದರಿಂದ ಅದು ಪ್ಲೇಯರ್‌ನಲ್ಲೇ ಬಿಚ್ಚುತ್ತದೆ.

ಚಕ್ರದ ಬೆಂಡ್ ತೆಗೆಯುವುದು, ಬೇರಿಂಗ್ ಗುಂಡು ಬದಲಿಸುವುದು, ಎಣ್ಣೆಯ ಒತ್ತಡದಿಂದ ಹಿಡಿಯುವ ಡಿಸ್ಕ್ ಬ್ರೇಕಿನ ಎಣ್ಣೆ ಬದಲಿಸುವುದು, ಇವನ್ನು ಸದ್ಯಕ್ಕೆ ಮೆಕ್ಯಾನಿಕ್‌ಗೇ ಬಿಡಿ. ಕಡ್ಡಿ ಬಿಗಿಯುವ ಕೀ ಅಗ್ಗವೆಂದು ಕೊಂಡು ಒಂದೇ ಕಡ್ಡಿಯನ್ನು ತಿರುವುತ್ತ ಹೋದರೆ ಚಕ್ರ ಮೊದಲಿಗಿಂತ ಹೆಚ್ಚು ಅಲುಗುತ್ತದೆ. ಕೈ ಪಳಗಿದವರ ಪಕ್ಕದಲ್ಲಿ ನಿಂತು ಕಲಿಯಬೇಕಾದ ಕೆಲಸವದು.

ಪ್ರಶ್ನೆ: ಪೆಡಲ್ ಬದಲಿಸಲಿಕ್ಕೆ ಪ್ರಯತ್ನಿಸಿದೆ. ಬಲಗಡೆಯದು ಬಿಚ್ಚಿತು, ಎಡಗಡೆಯದು ಎಷ್ಟು ಜೋರು ಹಾಕಿದರೂ ಕದಲುತ್ತಿಲ್ಲ. ಇದಕ್ಕೆ ದೊಡ್ಡ ಪಾನಾ ಕೊಳ್ಳಬೇಕೇನು?
— ವಿದ್ಯಾರ್ಥಿಯೊಬ್ಬರು, ಧಾರವಾಡ

ಉತ್ತರ: ಮೊದಲು ತಿರುಗಿಸುವ ದಿಕ್ಕನ್ನು ನೋಡಿಕೊಳ್ಳಿ. ಎಡ ಪೆಡಲ್ಲಿನ ಮರೆ ಉಲ್ಟಾ ಇರುತ್ತದೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿದರೆ ಅದು ಬಿಚ್ಚುತ್ತದೆ. ಎರಡಕ್ಕೂ ಅನ್ವಯಿಸುವ ಸುಲಭ ಗುರುತೆಂದರೆ, ಪಾನಾವನ್ನು ಪೆಡಲ್ಲಿನ ಮೇಲ್ಮುಖವಾಗಿ ನಿಲ್ಲಿಸಿ ಅದರ ಹಿಡಿಯನ್ನು ಹಿಂದಿನ ಚಕ್ರದ ಕಡೆಗೆ ಎಳೆಯುವುದು. ನೀವು ಇಷ್ಟು ಹೊತ್ತು ಅದನ್ನು ಇನ್ನಷ್ಟು ಬಿಗಿ ಮಾಡಿರುವ ಸಾಧ್ಯತೆಯಿದೆ. ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಪ್ರಯತ್ನಿಸಿ. ಪಾನಾ 15 ಮಿಲಿಮೀಟರಿನದು, ಹಿಡಿ ಉದ್ದವಿರುವುದು, ಬಾಯಿ ತೆಳುವಾಗಿರುವುದು ಆದರೆ ಸಾಕು. ಸಾಧಾರಣ ಪಾನಾದ ಬಾಯಿ ದಪ್ಪವಾಗಿದ್ದು ಪೆಡಲ್ ಮತ್ತು ಕ್ರ್ಯಾಂಕಿನ ನಡುವೆ ತೂರದೆ ಜಾರುತ್ತದೆ. ಹೊಸ ಪೆಡಲ್ ಹಾಕುವಾಗ ಮರೆಗೆ ಗ್ರೀಸ್ ಸವರಿ, ಮೊದಲ ಕೆಲವು ಸುತ್ತುಗಳನ್ನು ಬೆರಳಿನಲ್ಲೇ ತಿರುಗಿಸಿ. ಅಡ್ಡವಾಗಿ ಕೂತರೆ ಕ್ರ್ಯಾಂಕಿನ ಮರೆಯೇ ಹಾಳಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಚೈನೂ ಉಪಕರಣಗಳೂ ಒಟ್ಟಿಗೇ ತುಕ್ಕು ಹಿಡಿಯುತ್ತವೆ. ತುಕ್ಕು ಬಿಡಿಸುವ ಸ್ಪ್ರೇಯನ್ನೇ ಚೈನಿಗೂ ಹೊಡೆದರೆ ಸಾಲದೆ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಸಾಲದು. ಆ ಬಗೆಯ ತೆಳು ಸ್ಪ್ರೇ ನೀರನ್ನು ಹೊರದೂಡಿ ತುಕ್ಕನ್ನು ಸಡಿಲಿಸುತ್ತದೆ. ಚೈನಿನ ಪಿನ್ನುಗಳ ನಡುವೆ ಹೆಚ್ಚು ಕಾಲ ಜಿಡ್ಡಾಗಿ ನಿಲ್ಲುವುದಿಲ್ಲ. ಮಳೆಯಲ್ಲಿ ತಿರುಗಿ ಬಂದ ದಿನ ಚೈನನ್ನು ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಸೈಕಲ್ ಚೈನಿಗೆಂದೇ ಸಿಗುವ ಎಣ್ಣೆಯನ್ನು ಒಂದೊಂದು ಕೊಂಡಿಗೆ ಒಂದೊಂದು ಹನಿ ಹಾಕಿ, ಪೆಡಲ್ ತಿರುಗಿಸಿ, ಹೊರಗೆ ಉಳಿದ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ವಾಹನದಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಬಳಸಬೇಡಿ. ಅದರಲ್ಲಿರುವ ಲೋಹದ ಪುಡಿ ಚೈನನ್ನು ಬೇಗ ಸವೆಸುತ್ತದೆ. ಎಣ್ಣೆ ಯಾವುದಾದರೂ ರಿಮ್ಮಿಗೂ ಡಿಸ್ಕಿಗೂ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಉಪಕರಣಗಳನ್ನು ಕೊಟ್ಟಿಗೆಯ ಗೋಡೆಗೆ ನೇತುಹಾಕುವ ಬದಲು, ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಮನೆಯೊಳಗೇ ಇಡಿ.